ಹಿಂದಿನ ತಾರೀಖಿಗೆ ಹೋದ ಗಣಕ

ಈ ವಾರ ರನ್ನನ ವಿಷಯವಾಗಿ ಬರೆಯುವೆನೆಂದು ಕಳೆದ ಸಂಚಿಕೆಯಲ್ಲಿ ವಾಚಕರಿಗೆ ಮಾತು ಕೊಟ್ಟಿದ್ದೆನು. ಆ ಮಾತಿಗೆ ತಪ್ಪಿದ್ದೇನೆ. ಗದಾಯುದ್ಧದ ಪುಟಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದ ಶನಿವಾರ ಸಂಜೆ ಕಬ್ಬಾಳಿನಿಂದ ನನ್ನ ಚಿಕ್ಕಪ್ಪನವರ ಟೆಲಿಫೋನು ಬಂದಿತು. ಅವರು ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದು ನಿವೃತ್ತರಾದವರು. ಮಾತು ಕಡಿಮೆ, ಟೆಲಿಫೋನಿನಲ್ಲಂತೂ ಇನ್ನೂ ಕಡಿಮೆ.

“ನಾಳೆ ಪುರಸೊತ್ತು ಮಾಡಿಕೊಂಡು ಬರ್ತೀಯೇನಪ್ಪ? ಗಣಕದಲ್ಲಿದ್ದದ್ದೆಲ್ಲ ಹೋಯ್ತು. ಹಾಡುಗಳೂ ಹೋದುವು, ನಿಮ್ಮ ಚಿಕ್ಕಮ್ಮನ ದನಿಯೂ ಹೋಯ್ತು” ಎಂದರು. ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಟೆಲಿಫೋನನ್ನು ಇಟ್ಟುಬಿಟ್ಟರೋ ಏನೋ ಎಂದುಕೊಳ್ಳುವಷ್ಟರಲ್ಲಿ, “ಹುಡುಗ ಮಧ್ಯಾಹ್ನದಿಂದ ಊಟ ಮಾಡಿಲ್ಲ” ಎಂದರು.

ಕಬ್ಬಾಳು ಎಂದೊಡನೆ ಬೆಂಗಳೂರಿನ ಸಂಸಾರಸ್ಥರಿಗೆ ಕಬ್ಬಾಳಮ್ಮನ ಗುಡಿಯೂ ಅದರ ಬೆನ್ನಿಗೆ ಕಡಿದಾಗಿ ಎದ್ದು ನಿಂತಿರುವ ದುರ್ಗವೂ ನೆನಪಿಗೆ ಬರುತ್ತವೆ. ನನಗಾದರೋ ಬೇಸಗೆಯ ರಜೆಯಲ್ಲಿ ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಮಲಗಿ, ಒಳಗಿನಿಂದ ತೇಲಿ ಬರುತ್ತಿದ್ದ ಆಕೆಯ ಹಾಡನ್ನು ಕೇಳುತ್ತಾ ನಿದ್ರೆಹೋಗುತ್ತಿದ್ದುದೇ ಮೊದಲು ನೆನಪಾಗುತ್ತದೆ. ಸೋಬಾನೆಯ ಪದಗಳು, ರಾಗಿ ಬೀಸುವ ಪದಗಳು, ಅಮ್ಮನವರ ಮೇಲಿನ ಪದಗಳು: ಆಕೆಗೆ ಎಷ್ಟು ಬರುತ್ತಿದ್ದುವೆಂಬುದು ಆಕೆಗೇ ತಿಳಿಯದು. ಚಿಕ್ಕಪ್ಪನವರು ಅವನ್ನೂ, ಊರಿನ ಇತರ ಹೆಂಗಸರು ಹೇಳಿದವನ್ನೂ ಐದು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಒಂದು ಮಳೆಗಾಲದಲ್ಲಿ ಎರಡನ್ನು ಗೆದ್ದಲು ತಿಂದಿತು. ಕಳೆದ ಆಷಾಢದಲ್ಲಿ ಚಿಕ್ಕಮ್ಮ ತೀರಿಕೊಂಡರು.

ಗಣಕವು ಮನೆಗೆ ಬಂದುದು ಆ ಬಳಿಕ. ಚನ್ನಪಟ್ಟಣದಲ್ಲಿರುವ ತಂಗಿ ತನ್ನ ಮಗನ ಹಳೆಯ ಯಂತ್ರವನ್ನು ಸಂಕ್ರಾಂತಿಯ ಸಮಯದಲ್ಲಿ ತವರಿಗೆ ಕಳುಹಿಸಿದಳು. ಕಾಲೇಜಿಗೆ ಸೇರುವುದಕ್ಕೆ ಮುನ್ನ ತಾತನ ಬಳಿ ಇರಲೆಂದು ಹುಡುಗನೂ ಜೊತೆಯಲ್ಲೇ ಬಂದನು. ಅವನು ಅದರಲ್ಲಿ ತಾತನಿಗೆಂದು ಬೇರೆ ಖಾತೆಯೊಂದನ್ನು ತೆರೆದು, ‘ನುಡಿ’ ತಂತ್ರಾಂಶವನ್ನು ಹಾಕಿಕೊಟ್ಟನು. ಎಪ್ಪತ್ತು ದಾಟಿದ ಚಿಕ್ಕಪ್ಪನವರು ಒಂದೊಂದೇ ಬೆರಳಿನಿಂದ ಒತ್ತುತ್ತಾ ಮೂರು ತಿಂಗಳಲ್ಲಿ ಅರುವತ್ತಕ್ಕೂ ಹೆಚ್ಚು ಪದಗಳನ್ನು ಕೂಡಿಸಿದ್ದರು. ಗೆದ್ದಲು ತಿಂದುವನ್ನು ನೆನಪಿನಿಂದಲೂ, ಚಿಕ್ಕಮ್ಮ ಬದುಕಿದ್ದಾಗ ತಂಗಿಯು ಮೊಬೈಲಿನಲ್ಲಿ ಹಿಡಿದಿಟ್ಟು ಗಣಕಕ್ಕೆ ಇಳಿಸಿದ್ದ ಧ್ವನಿಯಿಂದಲೂ ತಿದ್ದುತ್ತಿದ್ದರು. ಹಾಗಿರುವಾಗ ಮುದ್ರಕವೊಂದನ್ನು ಜೋಡಿಸಲು ಹೋಗಿ ಯಂತ್ರವು ಕೆಟ್ಟು ಕುಳಿತಿತು. ಹುಡುಗನು ತನಗೆ ತಿಳಿದ ಮದ್ದು ಮಾಡಿದನು: ಗಣಕವನ್ನು ಹಿಂದಿನ ಒಂದು ತಾರೀಖಿಗೆ ಕೊಂಡೊಯ್ದನು. ಯಂತ್ರವೇನೋ ಸರಿಹೋಯಿತು. ತಾತನ ಖಾತೆ ಮಾತ್ರ ಕಾಣದಾಯಿತು.

ಭಾನುವಾರ ಬೆಳಿಗ್ಗೆ ಕನಕಪುರದಿಂದ ಹೊರಟು, ಸಾತನೂರಿನಲ್ಲಿ ಬಸ್ಸು ಬದಲಾಯಿಸಿ ಊರು ಸೇರಿದೆನು. ಚಿಕ್ಕಪ್ಪನವರು ಜಗಲಿಯಲ್ಲಿ, ಗೋಡೆಗೆ ಒರಗಿಸಿದ್ದ ರೇಷ್ಮೆಯ ಚಂದ್ರಿಕೆಗಳ ಪಕ್ಕದಲ್ಲಿ ಕುಳಿತಿದ್ದರು. “ಬಾಪ್ಪ” ಎಂದರೇ ಹೊರತು ಎದ್ದು ಬರಲಿಲ್ಲ. ಹುಡುಗನು ಬಾಗಿಲ ಸಂದಿಯಲ್ಲಿ ನಿಂತಿದ್ದನು.

ನಾನು ಕನ್ನಡದ ಅಧ್ಯಾಪಕ, ಗಣಕಶಾಸ್ತ್ರಜ್ಞನಲ್ಲ. ಆದರೆ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯವನ್ನು ಹೀಗೆಯೇ ಕಳೆದುಕೊಂಡು, ಅವಸರದಲ್ಲಿ ನಾನೇ ಅದನ್ನು ನಿಜವಾಗಿ ನಾಶಮಾಡಿಕೊಂಡವನು. ಆ ಪೆಟ್ಟಿನಿಂದ ಕಲಿತ ಪಾಠ ಒಂದೇ: ಏನು ನಡೆಯಿತೆಂದು ತಿಳಿಯುವ ತನಕ ಯಂತ್ರವನ್ನು ಮುಟ್ಟಬಾರದು. ಆದುದರಿಂದ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆನು: “ನೀನು ಒತ್ತಿದ್ದು ರಿಸ್ಟೋರೋ, ರೀಸೆಟ್ಟೋ, ಫಾರ್ಮ್ಯಾಟೋ?”

“ರಿಸ್ಟೋರು ಮಾವ. ಸಂಕ್ರಾಂತಿಗೆ ಮುಂಚಿನ ವಾರದ್ದು. ಅಷ್ಟು ಹಿಂದಕ್ಕೆ ಅದೊಂದೇ ಇತ್ತು.”

ನನ್ನ ಎದೆ ಅರ್ಧ ಹಗುರವಾಯಿತು. ಈ ಮೂರು ಶಬ್ದಗಳನ್ನು ಜನರು ಒಂದರ ಬದಲಿಗೆ ಒಂದೆಂಬಂತೆ ಬಳಸುತ್ತಾರೆ. ಅವುಗಳ ಪರಿಣಾಮಗಳಿಗೆ ಮಾತ್ರ ಆಕಾಶಕ್ಕೂ ಭೂಮಿಗೂ ಇರುವಷ್ಟು ಅಂತರ. ಫಾರ್ಮ್ಯಾಟೆಂದರೆ ಮನೆಯನ್ನು ಖಾಲಿಮಾಡಿ ಸುಣ್ಣ ಬಳಿದಂತೆ. ರೀಸೆಟ್ಟಿನಲ್ಲಿ ಎರಡು ಬಗೆ: ಸ್ವಂತ ಕಡತಗಳನ್ನು ಉಳಿಸಿ ಮಿಕ್ಕುದನ್ನು ಹೊಸದಾಗಿ ಕಟ್ಟುವುದೊಂದು, ಎಲ್ಲವನ್ನೂ ತೆಗೆದುಹಾಕುವುದು ಇನ್ನೊಂದು. 2000ದಲ್ಲಿ ವಿಂಡೋಸ್ ಮಿಲೆನಿಯಮ್ ಆವೃತ್ತಿಯೊಡನೆ ಬಂದ ‘ಸಿಸ್ಟಮ್ ರಿಸ್ಟೋರ್’ ಎಂಬುದು ಇವೆರಡೂ ಅಲ್ಲ. ಅದು ಮನೆಯ ಗೋಡೆ, ಬಾಗಿಲು, ಬೀಗಗಳನ್ನು ಗೊತ್ತಾದ ಒಂದು ದಿನದಲ್ಲಿ ಹೇಗಿದ್ದುವೋ ಹಾಗೆ ಮಾಡುತ್ತದೆ. ಪೆಟ್ಟಿಗೆಯೊಳಗಿನ ಸೀರೆ ಪಂಚೆಗಳನ್ನು ಮುಟ್ಟುವುದಿಲ್ಲ. ಎಂದರೆ ಯಂತ್ರದ ವ್ಯವಸ್ಥೆಯ ಕಡತಗಳು, ಹಾಕಿದ ತಂತ್ರಾಂಶಗಳು, ಅವುಗಳ ನೋಂದಣಿ ಪುಸ್ತಕ ಇವಿಷ್ಟು ಹಿಂದಕ್ಕೆ ಹೋಗುತ್ತವೆ. ನಾವು ಬರೆದ ಪತ್ರ, ತೆಗೆದ ಚಿತ್ರ, ಹಿಡಿದಿಟ್ಟ ಹಾಡು ಇದ್ದಲ್ಲಿಯೇ ಇರುತ್ತವೆ.

ಇದ್ದಲ್ಲಿಯೇ ಇದ್ದರೆ ಕಾಣಲಿಲ್ಲವೇಕೆ? ತಾತನ ಖಾತೆಯನ್ನು ತೆರೆದದ್ದು ಸಂಕ್ರಾಂತಿಗೆ. ಯಂತ್ರವು ಹೋದದ್ದು ಅದಕ್ಕೂ ಹಿಂದಿನ ವಾರಕ್ಕೆ. ಆ ವಾರದ ನೋಂದಣಿ ಪುಸ್ತಕದಲ್ಲಿ ತಾತ ಎಂಬ ಮನುಷ್ಯನೇ ಇಲ್ಲ. ಮನುಷ್ಯನಿಲ್ಲದ ಮೇಲೆ ಅವನ ಕೋಣೆಯ ಬಾಗಿಲನ್ನು ತೋರಿಸುವವರಾರು? ಕೋಣೆ ಮಾತ್ರ ಸಾಮಾನು ಸಮೇತ ಹಾಗೆಯೇ ಇರುತ್ತದೆ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟೊಂದನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದಾಗ, ಅದು ಶತಮಾನಗಳಿಂದ ಕಳೆದುಹೋಯಿತೆಂದು ಜಗತ್ತು ಕೈಬಿಟ್ಟಿದ್ದ ಕೌಟಿಲ್ಯನ ಅರ್ಥಶಾಸ್ತ್ರವಾಗಿದ್ದಿತು; 1909ರಲ್ಲಿ ಅವರು ಅದನ್ನು ಅಚ್ಚುಹಾಕಿಸಿದರು. ಗ್ರಂಥವು ಎಲ್ಲಿಯೂ ಹೋಗಿರಲಿಲ್ಲ. ಅದು ಎಲ್ಲಿದೆಯೆಂಬ ತಿಳಿವು ಮಾತ್ರ ಹೋಗಿದ್ದಿತು. ಚಿಕ್ಕಪ್ಪನವರಿಗೆ ಇದನ್ನು ಹೇಳಿದೆನು. ಅವರು, “ಮೊದಲು ಹುಡುಕು, ಆಮೇಲೆ ಪಾಠ ಮಾಡು” ಎಂದರು.

ಯಂತ್ರದ ‘ಸಿ’ ಭಾಗವನ್ನು ತೆರೆದು, ಅದರಲ್ಲಿ ‘ಯೂಸರ್ಸ್’ ಎಂಬ ಫೋಲ್ಡರನ್ನು ತೆರೆದೆನು. ಅಲ್ಲಿ ಹುಡುಗನ ಹೆಸರಿನದೊಂದು, ಸಾರ್ವಜನಿಕವೆಂಬುದೊಂದು, ಅವುಗಳ ಕೆಳಗೆ ‘ತಾತ’ ಎಂಬುದೊಂದು ಇದ್ದುವು. ಅದನ್ನು ಒತ್ತಿದಾಗ ನಿನಗೆ ಅನುಮತಿಯಿಲ್ಲವೆಂದು ಯಂತ್ರವು ಗದರಿಸಿತು. ಹುಡುಗನ ಖಾತೆಗೆ ಮೇಲ್ವಿಚಾರಕನ ಅಧಿಕಾರವಿದ್ದುದರಿಂದ ‘ಕಂಟಿನ್ಯೂ’ ಎಂದು ಒತ್ತಿದೆವು, ಬಾಗಿಲು ತೆರೆಯಿತು. ಅರುವತ್ತಮೂರು ಕಡತಗಳು ಸಾಲಾಗಿ ಕುಳಿತಿದ್ದುವು. ಹುಡುಗನು ಜೋರಾಗಿ ಉಸಿರುಬಿಟ್ಟುದು ನನಗೆ ಕೇಳಿಸಿತು.

ಚಿಕ್ಕಪ್ಪನವರು ಕನ್ನಡಕವನ್ನು ಏರಿಸಿಕೊಂಡು ಹತ್ತಿರ ಬಂದರು. ಮೊದಲ ಕಡತವನ್ನು ತೆರೆದೆನು. ಪರದೆಯ ಮೇಲೆ ಕನ್ನಡವಿರಲಿಲ್ಲ. ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಕೊಂಬು, ಚುಕ್ಕೆ, ಬಾಲ. ನಡುನಡುವೆ ಪೌಂಡಿನ ಚಿಹ್ನೆ. ಚಿಕ್ಕಪ್ಪನವರ ಮುಖವು ನೋಡನೋಡುತ್ತಿದ್ದಂತೆ ಬಾಡಿತು. “ಹಾಳಾಗಿ ಹೋಗಿದೆ ಬಿಡಪ್ಪ” ಎಂದು ಹಿಂದಕ್ಕೆ ತಿರುಗಿದರು.

ಕನ್ನಡಿಗರಿಗೆ ಮಾತ್ರವಲ್ಲ, ಗಣಕದಲ್ಲಿ ಮೊದಮೊದಲು ತಮ್ಮ ಲಿಪಿಯನ್ನು ಕೂರಿಸಿದ ಭಾರತೀಯರೆಲ್ಲರಿಗೂ ಒದಗುವ ಗಾಬರಿ ಇದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಾಗಲಿ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ವಾಗಲಿ, ತಮ್ಮ ಹಳೆಯ ಬಗೆಯ ಅಕ್ಷರಗಳಲ್ಲಿ ರೋಮನ್ ಲಿಪಿಯ ಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದುವು. ಯಂತ್ರವು ಸಂಖ್ಯೆಯೊಂದನ್ನು ನೆನಪಿಡುತ್ತದೆ; ಆ ಸಂಖ್ಯೆಗೆ ನುಡಿಯ ಅಕ್ಷರವನ್ನು ತೊಡಿಸಿದರೆ ‘ಕ’ ಆಗುತ್ತದೆ, ತೊಡಿಸದಿದ್ದರೆ ಅರ್ಥವಿಲ್ಲದ ಪರದೇಶಿಯಾಗುತ್ತದೆ. ನುಡಿಯನ್ನು ಹಾಕಿದ್ದೂ ಸಂಕ್ರಾಂತಿಗೇ. ಖಾತೆಯೊಡನೆ ಅದೂ ನೋಂದಣಿಯಿಂದ ಹೊರಟುಹೋಗಿದ್ದಿತು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನಗಳು ದೊರೆತುವು. ಆ ಕ್ರಮದಲ್ಲಿ ಬರೆದಿದ್ದರೆ ಈ ಗಾಬರಿಯಿರುತ್ತಿರಲಿಲ್ಲ. ಇಂದಿನ ನುಡಿಯಲ್ಲಿಯೂ ಅದಕ್ಕೆ ಅವಕಾಶವಿದೆ. ಚಿಕ್ಕಪ್ಪನವರಿಗೆ ಅದನ್ನು ಯಾರೂ ಹೇಳಿರಲಿಲ್ಲ.

ನಾನು ಆ ಯಂತ್ರಕ್ಕೆ ನುಡಿಯನ್ನು ಮತ್ತೆ ಹಾಕಲು ಹೋಗಲಿಲ್ಲ. ಕಡತಗಳನ್ನೆಲ್ಲ ಪೆನ್ ಡ್ರೈವಿಗೆ ಪ್ರತಿ ಮಾಡಿಕೊಂಡು ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ತೆರೆದೆನು. ಪದವು ಕನ್ನಡವಾಗಿ ಮೂಡಿತು. ಚಿಕ್ಕಪ್ಪನವರು ಎರಡು ಸಾಲು ಓದಿ, “ಇಲ್ಲೊಂದು ಒತ್ತಕ್ಷರ ತಪ್ಪಿದೆ” ಎಂದರು. ಮೇಷ್ಟರು ಮರಳಿ ಬಂದರೆಂದು ನನಗೆ ಸಂತೋಷವಾಯಿತು.

ಆದರೆ ಧ್ವನಿ? ತಾತನ ಫೋಲ್ಡರಿನಲ್ಲಿ ಅದಿರಲಿಲ್ಲ. ಅದು ಮೊದಲಿನಿಂದಲೂ ಹುಡುಗನ ಡೆಸ್ಕ್‌ಟಾಪಿನಲ್ಲಿ ‘ಅಜ್ಜಿ’ ಎಂಬ ಹೆಸರಿನಲ್ಲಿ ಇದ್ದುದಂತೆ. ಅಲ್ಲಿಯೂ ಇಲ್ಲ, ರಿಸೈಕಲ್ ಬಿನ್ ಎಂಬ ಕಸದ ಬುಟ್ಟಿಯಲ್ಲಿಯೂ ಇಲ್ಲ, ಇಡೀ ಯಂತ್ರವನ್ನು ಹುಡುಕಿದರೂ ಇಲ್ಲ. ರಿಸ್ಟೋರು ಧ್ವನಿಯನ್ನು ಮುಟ್ಟುವುದಿಲ್ಲವೆಂದು ಆಗತಾನೇ ಉಪನ್ಯಾಸ ಮಾಡಿದ್ದ ನನಗೆ ಬಾಯಿ ಕಟ್ಟಿತು.

ಊಟದ ಬಳಿಕ ಹುಡುಗನನ್ನು ಕರೆದುಕೊಂಡು ಬೆಟ್ಟದ ಬುಡದ ತನಕ ನಡೆದುಬಂದೆನು. ಮೈಸೂರು ಸಂಸ್ಥಾನದ ಕಾಲದಲ್ಲಿ ಈ ದುರ್ಗವು ಸೆರೆಮನೆಯಾಗಿದ್ದಿತು. ಇಲ್ಲಿಗೆ ಕಳುಹಿಸುತ್ತಾರೆಂದರೆ ಎಂಥವರೂ ನಡುಗುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹುಡುಗನ ಮುಖವೂ ಹಾಗೆಯೇ ಇದ್ದಿತು. ಗುಡಿಯ ಬಳಿ ಬಂದಾಗ ಅವನಾಗಿಯೇ ಬಾಯಿಬಿಟ್ಟನು.

“ಮಾವ, ಅದು ರಿಸ್ಟೋರಿಂದ ಹೋಗಿದ್ದಲ್ಲ. ಶಿವರಾತ್ರಿ ಕಳೆದ ಮೇಲೆ ಸಿನಿಮಾ ಹಾಕ್ಕೊಳ್ಳಕ್ಕೆ ಜಾಗ ಇರಲಿಲ್ಲ. ಅಮ್ಮನ ಫೋನಲ್ಲಿ ಇದೆಯಲ್ಲ ಅಂತ ನಾನೇ ಅಳಿಸಿದೆ. ಬಿನ್ನೂ ಖಾಲಿ ಮಾಡಿಬಿಟ್ಟೆ. ಅಮ್ಮ ಆ ಫೋನನ್ನ ಅಂಗಡಿಗೆ ಕೊಟ್ಟು ಹೊಸದು ತಗೊಂಡಿದ್ದಾರೆ ಅಂತ ಆಮೇಲೆ ಗೊತ್ತಾಯ್ತು.”

ಯಂತ್ರವು ಕೆಟ್ಟುದೂ, ಹಿಂದಕ್ಕೆ ಹೋದುದೂ, ಎಲ್ಲವೂ ಒಟ್ಟಿಗೆ ಕಾಣೆಯಾದುದೂ ಆ ಹುಡುಗನಿಗೆ ಒಂದು ರೀತಿಯಲ್ಲಿ ಮರೆಯಾಗಿದ್ದಿತು. ತಪ್ಪನ್ನು ಯಂತ್ರದ ತಲೆಗೆ ಕಟ್ಟಿ ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿರಲಾರದೆಯೇ ಊಟ ಬಿಟ್ಟಿದ್ದನೆಂದು ತೋರುತ್ತದೆ. ಇಂಥ ಸಂದರ್ಭದಲ್ಲಿ ಮೊದಲು ಬೈದು ಆಮೇಲೆ ವಿಚಾರಿಸುವ ಹಿರಿಯರು ಅರ್ಧ ಸತ್ಯವನ್ನೇ ಕೇಳಿಕೊಂಡು ಕೂರಬೇಕಾಗುತ್ತದೆ. ಏನನ್ನು ಯಾವಾಗ ಅಳಿಸಿದರೆಂಬುದು ತಿಳಿಯದೆ ಕಡತವನ್ನು ಹುಡುಕುವುದು ಕತ್ತಲೆಯಲ್ಲಿ ಸೂಜಿ ಹುಡುಕಿದಂತೆ.

“ರಿಸ್ಟೋರು ಮಾಡಿದ ಮೇಲೆ ಮತ್ತೇನಾದರೂ ಹಾಕಿದೆಯಾ?”

“ಅಳಿಸಿದ್ದನ್ನ ತೆಗೆದುಕೊಡೋ ತಂತ್ರಾಂಶ ಒಂದು ಇಳಿಸಕ್ಕೆ ಹೋದೆ. ಅರ್ಧಕ್ಕೇ ನೆಟ್ಟು ಹೋಯ್ತು.”

ಕಬ್ಬಾಳಮ್ಮನ ಸನ್ನಿಧಿಯಲ್ಲಿ ನಿಂತು ಹೇಳುತ್ತೇನೆ, ಹಳ್ಳಿಯ ನಿಧಾನವಾದ ನೆಟ್ಟಿಗೆ ನಾನು ಅಷ್ಟು ಕೃತಜ್ಞನಾದುದು ಅದೇ ಮೊದಲು. ಏಕೆಂದರೆ ಅಳಿಸಿದ ಕಡತವು ತತ್‌ಕ್ಷಣ ನಾಶವಾಗುವುದಿಲ್ಲ. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕಿನಲ್ಲಿ, ಅಳಿಸುವುದೆಂದರೆ ಆ ಜಾಗವು ಬಿಡುವಾಗಿದೆಯೆಂದು ಪಟ್ಟಿಯಲ್ಲಿ ಬರೆದಷ್ಟೇ. ಬೇರೊಂದು ಬಂದು ಅದೇ ಜಾಗದಲ್ಲಿ ಕುಳಿತಾಗ ಮಾತ್ರ ಹಳೆಯದು ಹೋಗುತ್ತದೆ. ಹುಡುಕುವ ತಂತ್ರಾಂಶವನ್ನೇ ಆ ಡಿಸ್ಕಿಗೆ ಇಳಿಸಿದರೆ, ಹುಡುಕಬೇಕಾದುದರ ಮೇಲೆ ಅದೇ ಕುಳಿತುಬಿಡಬಹುದು. ನನ್ನ ಪ್ರಬಂಧದ ಅಧ್ಯಾಯ ಹೋದುದು ಹೀಗೆ.

ನಮ್ಮ ಹಿಂದಿನವರ ಕಡತದ ಸ್ವಭಾವವೂ ಇದೇ. ಈಗ ಕಚೇರಿಯ ಫೈಲಿಗೂ ಗಣಕದ ಫೈಲಿಗೂ ನಾವು ಬಳಸುವ ಆ ಶಬ್ದವು ಮೊದಲು ಹೇಳುತ್ತಿದ್ದುದು ಹುಣಿಸೆಬೀಜದ ಸರಿ, ಇದ್ದಿಲಿನ ಪುಡಿ ಬಳಿದು ಕಪ್ಪುಮಾಡಿದ, ಮಡಿಕೆ ಮಡಿಕೆಯಾದ ಬಟ್ಟೆಯ ಪುಸ್ತಕಕ್ಕೆ. ಶಾನುಭೋಗರು ಬಳಪದಿಂದ ಅದರಲ್ಲಿ ಲೆಕ್ಕ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ, ಅದರ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಒರೆಸದೆ ಜೋಪಾನಮಾಡಿದವು ಶೃಂಗೇರಿಯ ಮಠದಂಥ ಕಡೆಗಳಲ್ಲಿ ನೂರಾರು ವರ್ಷ ಉಳಿದಿವೆ.

ಮನೆಗೆ ಹಿಂದಿರುಗುವ ದಾರಿಯಲ್ಲಿ ಒಂದು ಯೋಚನೆ ಹೊಳೆಯಿತು. ಯಂತ್ರದಲ್ಲಿದ್ದುದು 2009ರಲ್ಲಿ ಬಂದ ವಿಂಡೋಸ್ 7. ಈ ಆವೃತ್ತಿಯಲ್ಲಿ ರಿಸ್ಟೋರ್ ಪಾಯಿಂಟ್ ಎಂಬ ಗುರುತನ್ನು ಇಡುವಾಗ ವ್ಯವಸ್ಥೆಯ ಕಡತಗಳ ಜೊತೆಗೆ ಆ ಭಾಗದಲ್ಲಿರುವ ನಮ್ಮ ಕಡತಗಳ ನೆರಳೂ ಉಳಿದಿರುತ್ತದೆ. ರಿಸ್ಟೋರು ತಾನಾಗಿ ಆ ನೆರಳಿನಿಂದ ನಮ್ಮ ಹಾಡನ್ನು ಎತ್ತಿಕೊಡುವುದಿಲ್ಲ. ನಾವೇ ಹೋಗಿ ಕೇಳಬೇಕು. ಹುಡುಗನು ಧ್ವನಿಯನ್ನು ಅಳಿಸಿದ್ದು ಶಿವರಾತ್ರಿಯ ಮೇಲೆ. ಗುರುತು ಬಿದ್ದದ್ದು ಸಂಕ್ರಾಂತಿಗೆ ಮುಂಚೆ. ಎಂದರೆ ಯಾವ ತಾರೀಖಿಗೆ ಹೋಗಿ ಎಲ್ಲವನ್ನೂ ಕಳೆದುಕೊಂಡೆವೆಂದು ಮನೆಯವರು ಶಪಿಸುತ್ತಿದ್ದರೋ, ಆ ತಾರೀಖಿನ ಮಡಿಲಲ್ಲಿಯೇ ಚಿಕ್ಕಮ್ಮನ ದನಿ ಇರಬೇಕು. ನೆರಳುಗಳಿಗೆ ಯಂತ್ರವು ಕೊಡುವ ಜಾಗ ಸ್ವಲ್ಪವೇ. ತುಂಬಿದರೆ ಹಳೆಯದನ್ನು ಹೇಳದೆ ಕೇಳದೆ ಅಳಿಸಿಬಿಡುತ್ತದೆ. ಅಷ್ಟರಲ್ಲಿ ಅಳಿಸಿರದಿದ್ದರೆ ನಮ್ಮ ಪುಣ್ಯ.

ಹುಡುಗನ ಹೆಸರಿನ ಫೋಲ್ಡರಿನೊಳಗೆ ‘ಡೆಸ್ಕ್‌ಟಾಪ್’ ಎಂಬುದರ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ‘ಪ್ರಾಪರ್ಟೀಸ್’ ತೆರೆದು, ‘ಪ್ರೀವಿಯಸ್ ವರ್ಷನ್ಸ್’ ಎಂಬ ಹಾಳೆಗೆ ಹೋದೆವು. ಪಟ್ಟಿಯಲ್ಲಿ ಮೂರು ತಾರೀಖುಗಳು. ಕಟ್ಟಕಡೆಯದು ಸಂಕ್ರಾಂತಿಗೆ ಹಿಂದಿನ ವಾರದ್ದು. ‘ಓಪನ್’ ಎಂದು ಒತ್ತಿದೆವು. ಆ ದಿನದ ಡೆಸ್ಕ್‌ಟಾಪು ಹೊರಳಿ ತೆರೆಯಿತು. ಅದರ ಮೂಲೆಯಲ್ಲಿ ‘ಅಜ್ಜಿ’. ಒಳಗೆ ಒಂಬತ್ತು ಧ್ವನಿಕಡತಗಳು.

ಅಲ್ಲಿ ‘ರಿಸ್ಟೋರ್’ ಎಂಬ ಗುಂಡಿಯೂ ಇರುತ್ತದೆ. ಅದನ್ನು ಒತ್ತಿದರೆ ಹಳೆಯದು ಬಂದು ಹೊಸದರ ಮೇಲೆ ಕೂರುತ್ತದೆ. ನಾವು ಅದನ್ನು ಮುಟ್ಟದೆ, ಒಂಬತ್ತನ್ನೂ ನಾನು ತಂದಿದ್ದ ಹೊರಗಿನ ಡಿಸ್ಕಿಗೆ ಪ್ರತಿ ಮಾಡಿಕೊಂಡೆವು. ಹಾಗೆಯೇ ಯಂತ್ರದಲ್ಲಿದ್ದ ಮಿಕ್ಕುದನ್ನೂ ಸಾಗಿಸತೊಡಗಿದೆವು. ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಆ ಬಿಡುವಿನಲ್ಲಿ ಹುಡುಗನಿಗೆ ಹೇಳಿದ ಕೆಲವು ಮಾತುಗಳನ್ನು, ಮನೆಯಲ್ಲಿ ಹೊಸ ಯಂತ್ರವುಳ್ಳ ವಾಚಕರಿಗೂ ಹೇಳಿಬಿಡುತ್ತೇನೆ. ರಿಸ್ಟೋರು ಮಾಡಿದುದು ಹಿಡಿಸದಿದ್ದರೆ ಸಾಮಾನ್ಯವಾಗಿ ಅದನ್ನೇ ರದ್ದುಮಾಡಬಹುದು; ಅದೇ ಕಿಟಕಿಯಲ್ಲಿ ‘ಅಂಡೂ’ ಎಂದಿರುತ್ತದೆ. ನಮ್ಮ ಹುಡುಗನು ವಿಂಡೋಸ್ 7ನ್ನು ಸೇಫ್ ಮೋಡಿನಲ್ಲಿ ನಡೆಸುತ್ತಾ ರಿಸ್ಟೋರು ಮಾಡಿದ್ದರಿಂದ ಆ ಸೌಲಭ್ಯ ದೊರೆಯಲಿಲ್ಲ. ವಿಂಡೋಸನ್ನು ಮೇಲಿನ ಆವೃತ್ತಿಗೆ ಏರಿಸಿದ ಮೇಲೆ ಹಳೆಯದೆಲ್ಲ ‘ಸಿ’ ಭಾಗದಲ್ಲಿ ‘ವಿಂಡೋಸ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಉಳಿಯುತ್ತದೆ. ಆದರೆ ಹತ್ತು ದಿನಗಳಾದ ಮೇಲೆ ತಾನಾಗಿ ಅಳಿಯುತ್ತದೆ. ಎಷ್ಟೋ ಯಂತ್ರಗಳಲ್ಲಿ ಡೆಸ್ಕ್‌ಟಾಪು ಮನೆಯವರಿಗೆ ತಿಳಿಯದಂತೆ ‘ಒನ್‌ಡ್ರೈವ್’ ಖಾತೆಯೊಳಕ್ಕೆ ಸೇರಿಕೊಂಡಿರುತ್ತದೆ. ಮೇಜು ಬರಿದಾಗಿದೆಯೆಂದು ಗಾಬರಿಪಡುವ ಮುನ್ನ ಅಲ್ಲಿ ನೋಡಬೇಕು. ಇಂದಿನ ಯಂತ್ರಗಳಲ್ಲಿರುವ ತಟ್ಟೆಯಿಲ್ಲದ ಎಸ್‌ಎಸ್‌ಡಿಯು ವೇಗದಲ್ಲಿ ಹೆಚ್ಚು, ಕರುಣೆಯಲ್ಲಿ ಕಡಿಮೆ: ಅಳಿಸಿದುದರ ಜಾಗವನ್ನು ತಾನೇ ಮುಂದಾಗಿ ತೊಳೆದಿಡುತ್ತದೆ, ಅಲ್ಲಿಂದ ಏನನ್ನೂ ಎತ್ತುವುದು ಬಹುತೇಕ ಅಸಾಧ್ಯ. ಎಲ್ಲವೂ ನಮ್ಮ ತಪ್ಪೇ ಎಂದೇನೂ ಅಲ್ಲ. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಪರಿಷ್ಕರಣವೊಂದು ಕೆಲವರ ಸ್ವಂತ ಕಡತಗಳನ್ನೇ ಅಳಿಸಿ, ಮೈಕ್ರೋಸಾಫ್ಟ್ ಅದರ ಹಂಚಿಕೆಯನ್ನು ನಿಲ್ಲಿಸಬೇಕಾಯಿತು. ವಾಟ್ಸಾಪಿನಲ್ಲಿ ಹಳೆಯ ಬ್ಯಾಕಪ್ಪನ್ನು ಮರಳಿ ತಂದುಕೊಂಡರೂ ಅಷ್ಟೇ. ಅದನ್ನು ತೆಗೆದ ದಿನದಿಂದ ಈಚಿನ ಮಾತುಗಳು ಅದರಲ್ಲಿರುವುದಿಲ್ಲ.

ಹುಡುಗನು, “ಹಾಗಾದ್ರೆ ಎಷ್ಟು ಕಾಪಿ ಇಟ್ಕೊಬೇಕು ಮಾವ?” ಎಂದನು.

ರನ್ನನು ನನ್ನನ್ನು ಇಲ್ಲಿಯೂ ಬಿಡಲಿಲ್ಲ. ಅವನ ಆಶ್ರಯದಾತೆ ಅತ್ತಿಮಬ್ಬೆಯು ಹತ್ತನೆಯ ಶತಮಾನದಲ್ಲಿ, ಪೊನ್ನನ ಶಾಂತಿಪುರಾಣವು ಅಳಿದುಹೋಗಬಾರದೆಂದು ಅದರ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳು. ಪೊನ್ನನ ಕಾವ್ಯ ನಮ್ಮ ಕೈಯಲ್ಲಿದೆ. ಅದೇ ಪೊನ್ನನು ಬರೆದನೆನ್ನುವ ಭುವನೈಕರಾಮಾಭ್ಯುದಯ ದೊರೆತಿಲ್ಲ. ನಾವು ಸಾವಿರಕ್ಕೆ ಹೋಗದೆ ಮೂರರಲ್ಲಿ ನಿಂತೆವು: ಒಂದು ಕಬ್ಬಾಳಿನಲ್ಲಿ, ಒಂದು ನನ್ನ ಬಳಿ ಕನಕಪುರದಲ್ಲಿ, ಒಂದು ಚನ್ನಪಟ್ಟಣದ ತಂಗಿಯ ಮನೆಯಲ್ಲಿ.

ಸಂಜೆ ಜಗಲಿಯಲ್ಲಿ ಲ್ಯಾಪ್‌ಟಾಪನ್ನಿಟ್ಟು ಮೊದಲನೆಯ ಹಾಡನ್ನು ಹಚ್ಚಿದೆನು. ಹಿನ್ನೆಲೆಯಲ್ಲಿ ಕೋಳಿಯೊಂದು ಕೂಗುತ್ತಿದ್ದಿತು, ಯಾರೋ ಬಿಂದಿಗೆ ಇಟ್ಟ ಸದ್ದು, ಆಮೇಲೆ ಚಿಕ್ಕಮ್ಮ. ಚಿಕ್ಕಪ್ಪನವರು ಕಣ್ಣು ಮುಚ್ಚಿಕೊಂಡು ಒಂಬತ್ತನ್ನೂ ಕೇಳಿದರು. ಮುಗಿದ ಮೇಲೆ, “ಹತ್ತು ಇದ್ದುವಲ್ಲಪ್ಪ?” ಎಂದರು.

ತಂಗಿಗೆ ಟೆಲಿಫೋನು ಮಾಡಿದೆವು. ಹತ್ತನೆಯದನ್ನು ಆಕೆ ಚಿಕ್ಕಮ್ಮನ ಕೊನೆಯ ದಿನಗಳಲ್ಲಿ ಮೊಬೈಲಿನಲ್ಲಿ ಹಿಡಿದಿದ್ದಳು. ಗಣಕಕ್ಕೆ ಇಳಿಸಿರಲೇ ಇಲ್ಲ. ಆ ಮೊಬೈಲು ಯಾರ ಕೈಯಲ್ಲಿದೆಯೋ. ಅದಕ್ಕೆ ಯಾವ ತಾರೀಖಿನಲ್ಲಿಯೂ ಗುರುತಿಲ್ಲ.

ಹುಡುಗನು ತಲೆ ತಗ್ಗಿಸಿದನು. ಶಿವರಾತ್ರಿಯ ಸಂಗತಿಯನ್ನು ಅವನು ತಾತನಿಗೆ ಹೇಳಿದುದು ಆಗಲೇ, ನನ್ನೆದುರಿಗೇ. ಚಿಕ್ಕಪ್ಪನವರು ತುಸು ಹೊತ್ತು ಬೆಟ್ಟದ ಕಡೆ ನೋಡುತ್ತಿದ್ದರು. ಬಳಿಕ, “ಆ ಹತ್ತನೆಯದು ನನಗೆ ಮುಕ್ಕಾಲು ಪಾಲು ಬರುತ್ತೆ. ಬರಕೊ” ಎಂದರು.

ಸಾತನೂರಿನ ಕಡೆಗೆ ಹೋಗುವ ಕೊನೆಯ ಬಸ್ಸಿನ ಹೊತ್ತಾಗಿದ್ದುದರಿಂದ ನಾನು ಎದ್ದೆನು. ಲ್ಯಾಪ್‌ಟಾಪನ್ನು ಮಾತ್ರ ಅಲ್ಲಿಯೇ ಬಿಟ್ಟುಬಂದೆನು. ಹುಡುಗನು ಆಗಲೇ ಎರಡನೆಯ ನುಡಿಯನ್ನು ಒತ್ತುತ್ತಿದ್ದನು. ರನ್ನನು ಮುಂದಿನ ವಾರಕ್ಕೆ.